ಅಮೆರಿಕದ ಹಗಲಿಗೆ ಉಡುಪಿಯಲ್ಲಿ ಎಚ್ಚರವಿದ್ದವಳು

ಅಶ್ವಿನಿ ಎಂಬುದು ನಿಜವಾದ ಹೆಸರಲ್ಲ. ಊರು, ಮನೆಯವರ ಉದ್ಯೋಗ, ಕಲಿತ ಕಾಲೇಜು ಯಾವುದರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವಳ ಮತ್ತು ತಂದೆಯ ಒಪ್ಪಿಗೆ ಇದೆ. ಇಬ್ಬರೂ ಓದಿ ಒಂದೆರಡು ಕಡೆ ತಿದ್ದಿಕೊಟ್ಟಿದ್ದಾರೆ.

ವಯಸ್ಸು 24. ಉಡುಪಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಳ್ಳಿ. ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ (ಜೀವಶಾಸ್ತ್ರದ ಡೇಟಾವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿಷಯ) ಎಂಎಸ್ಸಿ ಮುಗಿಸಿ ಒಂದು ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದಾಳೆ. ಜನವರಿ ಕೊನೆಯಲ್ಲಿ ಅಮ್ಮ ಅವಳನ್ನು ನನ್ನಲ್ಲಿಗೆ ಆಪ್ತಸಮಾಲೋಚನೆಗೆ ಕರೆದುಕೊಂಡು ಬಂದರು. "ಮಲ್ಲಿಗೆ ಕೊಯ್ಲಿಕ್ಕೆ ನಾನು ಐದಕ್ಕೆ ಏಳುದು ಮೇಡಂ. ನಾನು ಏಳುವಾಗ ಇವಳು ಮಲಗುದು. ಊಟ ಸರಿ ಇಲ್ಲ, ಎಂತ ಕೇಳಿದ್ರೂ ಸಿಡಿಮಿಡಿ." ಮಗಳು ನೀರು ಕುಡಿಯಲು ಹೊರಗೆ ಹೋದಾಗ ಸ್ವರ ತಗ್ಗಿಸಿ, "ಯಾರಾದ್ರೂ ಹುಡುಗ ಉಂಟಾ ಅಂತ ಸ್ವಲ್ಪ ಕೇಳಿ ನೋಡಿ" ಅಂದರು. ರಾತ್ರಿ ಮೊಬೈಲ್ ಹಿಡಿದುಕೊಂಡ ಹೆಣ್ಣುಮಕ್ಕಳ ಬಗ್ಗೆ ನಮ್ಮ ಕಡೆಯ ಅಮ್ಮಂದಿರಿಗೆ ಮೊದಲು ಬರುವ ಸಂಶಯ ಯಾವತ್ತೂ ಇದೊಂದೇ.

ಹುಡುಗ ಇರಲಿಲ್ಲ. ಅವಳು ಕಂಪ್ಯುಟೇಷನಲ್ ಬಯಾಲಜಿಯಲ್ಲಿ ಪಿಎಚ್‌ಡಿ ಮಾಡಲು ಅಮೆರಿಕದ ಒಂಬತ್ತು ಕಡೆ ಅರ್ಜಿ ಹಾಕಿದ್ದಳು. ಒಂದೊಂದಕ್ಕೆ ಶುಲ್ಕವೇ 75ರಿಂದ 100 ಡಾಲರಿನ ಆಸುಪಾಸು. ತನ್ನ ಸಂಬಳದ ಉಳಿತಾಯ ಸಾಲದೆ ಅಮ್ಮನ ಮಲ್ಲಿಗೆಯ ದುಡ್ಡೂ ಅದಕ್ಕೆ ಸೇರಿತ್ತು. ಡಿಸೆಂಬರ್ ಮೊದಲ ಪಕ್ಷದಲ್ಲಿ ಅರ್ಜಿಗಳೆಲ್ಲ ಹೋಗಿದ್ದವು. ಅಂದಿನಿಂದ ಸದ್ದಿಲ್ಲ. ಜತೆಗೆ ಓದಿದ ಗೆಳತಿಗೆ ಎರಡು ಇಂಟರ್‌ವ್ಯೂ ಬಂದಿದ್ದು ಅವಳ ವಾಟ್ಸ್ಆ್ಯಪ್ ಸ್ಟೇಟಸ್‌ನಿಂದ ಗೊತ್ತಾಯಿತು. "ನಂಗೆ ಕಾಯಿಲೆ ಎಂತದೂ ಇಲ್ಲ ಮೇಡಂ. ಕರೆ ಬರ್ಲಿಲ್ಲ, ಅಷ್ಟೇ."

ನಿದ್ರೆ, ಊಟ, ಕೆಲಸದಲ್ಲಿ ಗಮನ ಎಲ್ಲ ಕೇಳಿದ ಮೇಲೆ, ಸಾಯುವ ಯೋಚನೆ ಬರುತ್ತದೆಯೇ ಎಂದೂ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬ ಹೆದರಿಕೆ ಮನೆಯವರಿಗೆ ಇರುತ್ತದೆ, ಹಾಗೇನೂ ಆಗುವುದಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಯ್ಬೇಕು ಅಂತ ಇಲ್ಲ. ಏಪ್ರಿಲ್ ತನಕ ಎಚ್ಚರವೇ ಆಗದೆ ಮಲಗಿದ್ರೆ ಒಳ್ಳೇದಿತ್ತು ಅನ್ನಿಸ್ತದೆ" ಅಂದಳು. ಸೀಟಿನ ತೀರ್ಮಾನ ಹೆಚ್ಚುಕಡಿಮೆ ಗೊತ್ತಾಗುವುದು ಆಗ. ಇಂಥ ಮಾತನ್ನು ನಾನು ಹಗುರವಾಗಿ ಬಿಡುವುದಿಲ್ಲ. ಕೆದಕಿ ಕೇಳಿದೆ. ತನಗೆ ಹಾನಿ ಮಾಡಿಕೊಳ್ಳುವ ಉದ್ದೇಶ, ತಯಾರಿ ಯಾವುದೂ ಇರಲಿಲ್ಲ. ಆದರೂ ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರನ್ನು ನನ್ನೆದುರೇ ಅವಳ ಫೋನಿನಲ್ಲಿ ಸೇವ್ ಮಾಡಿಸಿದೆ. ಎರಡು ವಾರದಲ್ಲಿ ನಿದ್ರೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು ಎಂದು ಅವತ್ತೇ ಒಪ್ಪಿಸಿಕೊಂಡೆ.

ಇನ್ನು ನಿದ್ರೆಯ ವಿಷಯ. ರಾತ್ರಿಯಿಡೀ ಏನು ಮಾಡುತ್ತೀಯಾ ಎಂದರೆ, ಇಮೇಲ್ ನೋಡುವುದಂತೆ. ಅದಕ್ಕೆ ಒಂದು ಲೆಕ್ಕವೂ ಇತ್ತು. ಚಳಿಗಾಲದಲ್ಲಿ ಅಮೆರಿಕದ ಪೂರ್ವ ಕರಾವಳಿ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 9ಕ್ಕೆ ಆಫೀಸು ತೆರೆಯುವಾಗ ಇಲ್ಲಿ ಸಂಜೆ ಏಳೂವರೆ, ಸಂಜೆ 5ಕ್ಕೆ ಮುಚ್ಚುವಾಗ ಇಲ್ಲಿ ನಸುಕಿನ ಮೂರೂವರೆ. ಪಶ್ಚಿಮ ಕರಾವಳಿಯದು ಇನ್ನೂ ಮೂರು ಗಂಟೆ ತಡ, ಅಂದರೆ ರಾತ್ರಿ ಹತ್ತೂವರೆಯಿಂದ ಬೆಳಿಗ್ಗೆ ಆರೂವರೆ. ಅರ್ಜಿ ಹಾಕಿದ್ದು ಎರಡೂ ಕಡೆಗೆ. ಹಾಗಾಗಿ ಸಂಜೆ ಏಳೂವರೆಗೆ ಶುರುವಾದ ಕಾವಲು ಅಮ್ಮ ಏಳುವ ತನಕ.

ನಾನು ಕೇಳಿದ್ದು ಇಷ್ಟೇ. ನಡುರಾತ್ರಿ ಒಂದು ಗಂಟೆಗೆ ಕರೆ ಬಂತು ಅಂತ ಇಟ್ಟುಕೋ, ಆಗ ಏನು ಮಾಡುತ್ತೀ? ಉತ್ತರ ಬರೆಯುತ್ತೇನೆ ಅಂದಳು. ಬೆಳಿಗ್ಗೆ ಏಳಕ್ಕೆ ಬರೆದರೆ? ಲೆಕ್ಕ ಹಾಕಿ ನೋಡಿದಳು. ನಮ್ಮ ಬೆಳಿಗ್ಗೆ ಏಳಕ್ಕೆ ಪೂರ್ವದಲ್ಲಿ ಹಿಂದಿನ ರಾತ್ರಿ ಎಂಟೂವರೆ. ಉತ್ತರ ಹೇಗೂ ಅವರು ಮರುದಿನ ಬಂದ ಮೇಲೆಯೇ ಓದುವುದು. ರಾತ್ರಿ ಒಂದಕ್ಕೆ ನೋಡಿದ್ದರಿಂದ ಅವಳಿಗೆ ಸಿಗುವ ಲಾಭ ಏನೂ ಇರಲಿಲ್ಲ. ಹಾಗೆ ಒಂದು ನಿಯಮ ಮಾಡಿಕೊಂಡೆವು: ಬೆಳಿಗ್ಗೆ ಏಳು ಗಂಟೆಗೆ, ಚಹಾ ಕುಡಿದ ಮೇಲೆ, ಒಮ್ಮೆ ನೋಡುವುದು. ಸ್ಪ್ಯಾಮ್ ಫೋಲ್ಡರ್, ಅರ್ಜಿಯ ಪೋರ್ಟಲ್ ಸೇರಿ ಎಲ್ಲವೂ ಆಗಲೇ. ಅಷ್ಟರಲ್ಲಿ ಅಮೆರಿಕದ ಇಡೀ ಕೆಲಸದ ದಿನ ಮುಗಿದಿರುತ್ತದೆ. ಇಮೇಲ್ ನೋಟಿಫಿಕೇಶನ್ ಬಂದ್, ಫೋನ್ ಚಾರ್ಜಿಗೆ ಹಾಕುವುದು ಚಾವಡಿಯಲ್ಲಿ.

ನಮ್ಮ ಭಾನುವಾರದ ಬೆಳಿಗ್ಗೆ ಎಂದರೆ ಅಲ್ಲಿ ಶನಿವಾರ ಕಳೆದಿದೆ, ಸೋಮವಾರದ ಬೆಳಿಗ್ಗೆ ಎಂದರೆ ಭಾನುವಾರ. ಎರಡು ದಿನವೂ ಆಫೀಸಿಲ್ಲ. ಫೆಬ್ರವರಿಯ ಮೂರನೇ ಸೋಮವಾರ ಅಲ್ಲಿ ರಜೆ, ಆದ್ದರಿಂದ ಅದರ ಮರುದಿನ ಮಂಗಳವಾರವೂ ನೋಡಬೇಕಾಗಿಲ್ಲ. ಈ ರಜೆಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವಾಗ ಅವಳು ಮೊದಲ ಸಲ ನಕ್ಕಳು. ಮನೆಯಲ್ಲಿ ಇದನ್ನು ಕೇಳಿದ ಅಮ್ಮ ಅಂದರಂತೆ: "ಮಲ್ಲಿಗೆ ಅಟ್ಟೆಗೆ (ಹೂ ಮಾರುವ ಅಳತೆ) ಎಷ್ಟು ಅಂತ ದಿನಕ್ಕೆ ಒಮ್ಮೆ ಬರುದು. ಇಪ್ಪತ್ತು ಸಲ ಕೇಳಿದ್ರೆ ರೇಟ್ ಏರ್ತದಾ?" ನನ್ನ ಅರ್ಧ ಗಂಟೆಯ ಮಾತಿಗಿಂತ ಇದು ಚೆನ್ನಾಗಿದೆ ಎಂದು ಒಪ್ಪಿಕೊಳ್ಳಬೇಕು.

ಎರಡನೇ ಭೇಟಿಗೆ ಬರುವಾಗ ನಿದ್ರೆ ಪರವಾಗಿಲ್ಲ ಅನ್ನುವಷ್ಟಾಗಿತ್ತು. ಆಗ ಒಳಗಿನ ಮಾತು ಹೊರಗೆ ಬಂತು. ಕರೆ ಇಲ್ಲ ಎಂದರೆ ತಾನು ಲಾಯಕ್ಕಿಲ್ಲ ಎಂದು ಒಂಬತ್ತು ಕಡೆಯವರೂ ಸೇರಿ ತೀರ್ಮಾನಿಸಿದ ಹಾಗೆ ಅವಳಿಗೆ ಕಾಣುತ್ತಿತ್ತು. ಇಂಥಲ್ಲಿ "ಧೈರ್ಯ ತಗೊ, ಎಲ್ಲ ಒಳ್ಳೇದಾಗ್ತದೆ" ಎನ್ನುವುದು ಸುಲಭ. ನಾನು ಹೇಳುವುದಿಲ್ಲ. ಒಳ್ಳೆಯದಾಗುತ್ತದೋ ಇಲ್ಲವೋ ನನಗೆ ಗೊತ್ತಿರುವುದಿಲ್ಲ, ಎದುರು ಕುಳಿತವರಿಗೆ ಅದು ತಿಳಿಯುತ್ತದೆ.

ನಾನು ಜೀವಶಾಸ್ತ್ರ ಓದಿದವಳಲ್ಲ. ಮಣಿಪಾಲ, ಸುರತ್ಕಲ್, ಕೊಣಾಜೆ ಕಡೆಯ ಕಾಲೇಜುಗಳ ಮಕ್ಕಳು ಬಂದು ಬಂದು ಈ ವ್ಯವಸ್ಥೆ ನನಗೂ ಬಾಯಿಪಾಠವಾಗಿದೆ. ಅಮೆರಿಕದ ಜೀವವಿಜ್ಞಾನ ಪಿಎಚ್‌ಡಿಗಳಲ್ಲಿ ಎಷ್ಟೋ ಸೀಟುಗಳಿಗೆ ಹಣ ಬರುವುದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತರಬೇತಿ ಅನುದಾನದಿಂದ. ಟಿ32 ಎಂಬ ಈ ಅನುದಾನ ಅಲ್ಲಿನ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಹೊರದೇಶದವರಿಗೆ ಬೇರೆ ಕಡೆಯಿಂದ ದುಡ್ಡು ಹೊಂದಿಸಬೇಕು. ಹಾಗಾಗಿ ಅಷ್ಟೇ ಚೆನ್ನಾಗಿ ಓದಿದ್ದರೂ ನಮ್ಮವರಿಗೆ ಬಾಗಿಲು ಕಿರಿದು. 2025ರ ಆರಂಭದಲ್ಲಿ ಸಂಶೋಧನಾ ಅನುದಾನದ ಗೊಂದಲ ಎದ್ದಾಗ ಕೆಲವು ವಿಶ್ವವಿದ್ಯಾಲಯಗಳು ಪ್ರವೇಶವನ್ನೇ ಕಡಿಮೆ ಮಾಡಿದವು. ಇದನ್ನೆಲ್ಲ ಸಮಾಧಾನಕ್ಕೆಂದು ಹೇಳಲಿಲ್ಲ. ಕರೆ ಬಾರದಿರಲು ಅವಳ ಕೈಯಲ್ಲಿ ಇಲ್ಲದ ಕಾರಣಗಳೂ ಇವೆ, ಅವೆಷ್ಟು ಎಂದು ಅವಳಿಗೆ ಗೊತ್ತಿರಲಿ ಎಂದು ಹೇಳಿದೆ.

ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಇತ್ತು. ಒಂಬತ್ತನ್ನೂ ಒಂದೇ ಗಂಟು ಕಟ್ಟಿ ಕಾಯುವುದನ್ನು ಬಿಡಿಸಬೇಕಿತ್ತು. ಒಂದೊಂದರ ಪುಟ ತೆರೆದು ಇಂಟರ್‌ವ್ಯೂ ದಿನಾಂಕ ಹುಡುಕಲು ಹೇಳಿದೆ. ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ಆರಂಭದೊಳಗೆ ಅವು ನಡೆಯುತ್ತವೆ. ನಾಲ್ಕು ಕಡೆ ಆಗಲೇ ಮುಗಿದಿದ್ದವು, ಇಲ್ಲವೇ ಅದೇ ವಾರ ಇದ್ದವು. ಅವನ್ನು ಇಲ್ಲವೆಂದೇ ಬರೆ ಅಂದೆ. ಬರೆಯಲು ಕಷ್ಟಪಟ್ಟಳು, ಕಣ್ಣು ತುಂಬಿತು, ಬರೆದಳು. ಎರಡು ಕಡೆ ಕಾರ್ಯಕ್ರಮ ಕಂಪ್ಯೂಟರ್ ಸೈನ್ಸ್ ವಿಭಾಗದ ಕೆಳಗೆ ಇತ್ತು. ಅಂಥ ವಿಭಾಗಗಳು ಎಷ್ಟೋ ಸಲ ಇಂಟರ್‌ವ್ಯೂ ಇಲ್ಲದೆಯೇ ತೀರ್ಮಾನ ಕಳಿಸುತ್ತವೆ, ಅಲ್ಲಿ ಕರೆಗೆ ಕಾಯುವ ಪ್ರಶ್ನೆಯೇ ಇಲ್ಲ. ಉಳಿದದ್ದು ಮೂರು. ಫೆಬ್ರವರಿ ನಡುವಿಗೆ ಅವರಿಂದಲೂ ಸುದ್ದಿ ಇಲ್ಲದಿದ್ದರೆ ಆಫೀಸಿನ ಸಂಯೋಜಕರಿಗೆ ನಾಲ್ಕು ಸಾಲಿನ ಒಂದು ಇಮೇಲ್, ಒಂದೇ ಸಲ. ಪ್ರೊಫೆಸರ್‌ಗಳಿಗೆ ಬರೆದು ಪೀಡಿಸುವುದು ಬೇಡ. ಒಂಬತ್ತು ಕಾಯುವಿಕೆ ಹೋಗಿ ಮೂರಾಯಿತು. ಸುಮ್ಮನೆ ಕಾಯಲು ಯಾರಿಂದಲೂ ಆಗದು, ಗಡುವು ಇದ್ದರೆ ಕಾಯಬಹುದು.

ಬಿಡುವಾದ ಹೊತ್ತಿಗೆ ಕೆಲಸ ಕೊಟ್ಟೆ. ನಿನ್ನ ಎಂಎಸ್ಸಿ ಪ್ರಾಜೆಕ್ಟನ್ನು ನನಗೆ ಅರ್ಥವಾಗುವ ಹಾಗೆ ಹೇಳು, ಕನ್ನಡದಲ್ಲಿ. ಮೊದಲು ಸಾಫ್ಟ್‌ವೇರ್ ಹೆಸರುಗಳನ್ನೇ ಹೇಳಿದಳು. ನಿಲ್ಲಿಸಿ, ಪ್ರಶ್ನೆ ಏನು ಎಂದು ಕೇಳಿದೆ. ಆಗ ಬಂತು: ನಮ್ಮ ಹೊಳೆ ಬದಿಯ ಗದ್ದೆಗಳಿಗೆ ಉಪ್ಪುನೀರು ನುಗ್ಗುತ್ತದೆ, ಕೇರಳದ ಪೊಕ್ಕಾಳಿ ಭತ್ತ ಉಪ್ಪನ್ನು ತಾಳಿಕೊಳ್ಳುತ್ತದೆ, ಅದರ ತಾಳಿಕೆಗೆ ಸಂಬಂಧಪಟ್ಟ ಸಾಲ್ಟಾಲ್ ಎಂಬ ಭಾಗ ಭತ್ತದ ಹನ್ನೆರಡು ಕ್ರೋಮೋಸೋಮುಗಳಲ್ಲಿ ಒಂದನೆಯದರಲ್ಲಿದೆ, ಉಪ್ಪು ತಾಗಿದಾಗ ಬೇರೆ ಯಾವ ಜೀನ್‌ಗಳು ಏರಿಳಿಯುತ್ತವೆ ಎಂದು ಸಾರ್ವಜನಿಕವಾಗಿ ಸಿಗುವ ಆರ್‌ಎನ್‌ಎ ಡೇಟಾದಲ್ಲಿ ಅವಳು ಹುಡುಕಿದ್ದಳು.

"ಸಿಕ್ಕಿದ್ದು ನಿಜ ಅಂತ ಹೇಗೆ ಗೊತ್ತು?" ಎಂದೆ. ದಡ್ಡ ಪ್ರಶ್ನೆ ಅಂದುಕೊಂಡೇ ಕೇಳಿದ್ದು. ಅವಳ ಮುಖ ಬೆಳಗಿತು. "ಇಪ್ಪತ್ತು ಸಾವಿರ ಜೀನ್ ಪರೀಕ್ಷೆ ಮಾಡಿ 0.05 ಮಿತಿ, ಅಂದ್ರೆ ನೂರಕ್ಕೆ ಐದು ಆಕಸ್ಮಿಕವಾಗಿ ದಾಟುವಷ್ಟು, ಇಟ್ಕೊಂಡ್ರೆ, ನಿಜವಾಗಿ ಎಂತ ವ್ಯತ್ಯಾಸ ಇಲ್ಲದಿದ್ರೂ ಒಂದು ಸಾವಿರ ಜೀನ್ ಬದಲಾದ ಹಾಗೆ ಕಾಣ್ತದೆ ಮೇಡಂ. ಅದಕ್ಕೆ ತಿದ್ದುಪಡಿ ಮಾಡ್ಬೇಕು." ಬೆಂಜಮಿನಿ, ಹಾಕ್‌ಬರ್ಗ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1995ರಲ್ಲಿ ಇದಕ್ಕೆ ಕೊಟ್ಟ ವಿಧಾನವನ್ನು ಕಾಗದದ ಮೇಲೆ ಬರೆದು ತೋರಿಸಿದಳು. ಬೇರೆ ಬೇರೆ ಪ್ರಯೋಗಾಲಯದ ಡೇಟಾ ಸೇರಿಸುವಾಗ ಗಿಡದ ವ್ಯತ್ಯಾಸ ಯಾವುದು, ಪ್ರಯೋಗಾಲಯದ ವ್ಯತ್ಯಾಸ ಯಾವುದು ಎಂದು ಬೇರ್ಪಡಿಸುವ ತಲೆನೋವನ್ನೂ ಹೇಳಿದಳು. ಪೂರ್ತಿ ಅರ್ಥವಾಯಿತು ಎಂದು ಸುಳ್ಳು ಹೇಳುವುದಿಲ್ಲ. ಆದರೆ ಇಂಟರ್‌ವ್ಯೂನಲ್ಲಿ ಕೇಳುವುದು ಹೆಚ್ಚಾಗಿ ಇದನ್ನೇ: ಈ ವಿಧಾನ ಯಾಕೆ, ಎಲ್ಲಿ ತಪ್ಪಬಹುದು, ಇನ್ನು ಆರು ತಿಂಗಳು ಸಿಕ್ಕಿದರೆ ಏನು ಮಾಡುತ್ತಿದ್ದೆ. ಮೂರಕ್ಕೂ ಉತ್ತರ ಅವಳಲ್ಲಿತ್ತು. ಇನ್ನು ಅದನ್ನು ಇಂಗ್ಲಿಷಿನಲ್ಲಿ ಎರಡು ನಿಮಿಷ, ಐದು ನಿಮಿಷಕ್ಕೆ ಹೇಳಿ ರೆಕಾರ್ಡ್ ಮಾಡಿ ಕೇಳಿಕೊಳ್ಳಲು ಹೇಳಿದೆ.

ಪ್ರಕರಣದ ನಿಜವಾದ ಗಂಟು ಬಿಚ್ಚಿದ್ದು ಮಾತ್ರ ತಂದೆ ಬಂದ ದಿನ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ದಿನಾ "ಬಂತಾ?" ಅಂತ ಕೇಳುತ್ತಾರೆ, ಅದೊಂದು ಮಾತಿಗೆ ಅನ್ನ ಇಳಿಯುವುದಿಲ್ಲ ಎಂದು ಅವಳು ಮೊದಲೇ ಹೇಳಿದ್ದಳು. ಮುಂಬಯಿಯ ಹೋಟೆಲಿನಲ್ಲಿ ವರ್ಷಾನುಗಟ್ಟಲೆ ಕ್ಯಾಶಿನಲ್ಲಿ ಕೂತು ಊರಿಗೆ ಮರಳಿದವರು, ಮಾತು ಕಡಿಮೆ. ಯಾಕೆ ಕೇಳುತ್ತೀರಿ ಎಂದೆ. "ಸೊಸೈಟಿಯಲ್ಲಿ ಲೋನಿಗೆ ಮಾತಾಡಿ ಇಟ್ಟಿದ್ದೇನೆ ಮೇಡಂ. ಸೀಟಿನ ಲೆಟರ್ ತನ್ನಿ, ಮತ್ತೆ ನೋಡುವ ಅಂದಿದ್ದಾರೆ. ಮನೆ ಅಡವು ಇಡ್ಲಿಕ್ಕೆ ನಾನು ತಯಾರುಂಟು. ಇವಳ ಮಾವನೂ ಬೈದ್ರು, ಆದ್ರೂ ತಯಾರು." ಅಶ್ವಿನಿ ಅಪ್ಪನನ್ನೇ ನೋಡುತ್ತಿದ್ದಳು. ಅವಳಿಗೆ ಇದು ಗೊತ್ತೇ ಇರಲಿಲ್ಲ.

ನೆರೆಮನೆಯ ಹುಡುಗ ಅಮೆರಿಕದಲ್ಲಿ ಎಂಎಸ್ ಮಾಡಲು ಲಕ್ಷಗಟ್ಟಲೆ ಸಾಲ ಮಾಡಿದ್ದನ್ನು ಅವರು ಕಂಡಿದ್ದರು. ಪಿಎಚ್‌ಡಿಯೂ ಹಾಗೇ ಎಂದುಕೊಂಡಿದ್ದರು. ಈ ವಿಷಯದ ಪಿಎಚ್‌ಡಿಗೆ ಅಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ವಿಶ್ವವಿದ್ಯಾಲಯವೇ ಭರಿಸುತ್ತದೆ, ಮೇಲೆ ತಿಂಗಳ ಭತ್ಯೆಯೂ ಕೊಡುತ್ತದೆ ಎಂಬುದನ್ನು ಮಗಳು ಹೇಳಿಯೇ ಇರಲಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಅವಳ ಎಣಿಕೆ. ವೀಸಾ ಶುಲ್ಕ, ಸೇವಿಸ್ ಎಂಬ ವಿದ್ಯಾರ್ಥಿ ನೋಂದಣಿಯ 350 ಡಾಲರ್, ಟಿಕೆಟ್, ಮೊದಲ ತಿಂಗಳ ಬಾಡಿಗೆ — ಇಷ್ಟಕ್ಕೆ ಮನೆ ಅಡವು ಬೇಕಾಗಿಲ್ಲ. ತಂದೆ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. "ಹಾಗಾದ್ರೆ ನಾನು ಕೇಳುದಿಲ್ಲ. ಬಂದಾಗ ನೀನೇ ಹೇಳು" ಎಂದರು ಮಗಳಿಗೆ. ಮದುವೆ ಊಟದ ಪಂಕ್ತಿಯಲ್ಲಿ ವಿಚಾರಿಸುವ ಮಾವನಿಗೆ "ಏಪ್ರಿಲಿನಲ್ಲಿ ಗೊತ್ತಾಗ್ತದೆ" ಎಂಬ ಒಂದೇ ಉತ್ತರ ಮೂವರೂ ಕೊಡುವುದೆಂದಾಯಿತು.

ಭಾರತದಲ್ಲಿ ಅರ್ಜಿ ಹಾಕುವ ಮಾತೆತ್ತಿದಾಗ ಅವಳು ಮೊದಲು ಬೇಡ ಅಂದಿದ್ದಳು. ಹಾಕಿದರೆ ಸೋಲೊಪ್ಪಿಕೊಂಡ ಹಾಗೆ ಎಂಬ ಭಾವನೆ. ನಾನು ವಾದ ಮಾಡಲಿಲ್ಲ. ಬೆಂಗಳೂರಿನ ಐಐಎಸ್‌ಸಿ, ಎನ್‌ಸಿಬಿಎಸ್, ಚೆನ್ನೈನ ಐಎಂಎಸ್‌ಸಿ ಈ ಸಂಶೋಧನಾ ಸಂಸ್ಥೆಗಳಲ್ಲಿ ಇದೇ ವಿಷಯದಲ್ಲಿ ಯಾರು ಏನು ಮಾಡುತ್ತಿದ್ದಾರೆ, ಓದಿ ಬಾ ಅಂದೆ. ಮೂವರ ಹೆಸರು ಗುರುತು ಹಾಕಿಕೊಂಡು ಬಂದಳು. ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಸರ್ಕಾರ ಕೊಡುವ ಫೆಲೋಶಿಪ್‌ನ ಅರ್ಹತೆ) ಅವಳಿಗೆ ಹಿಂದಿನ ವರ್ಷವೇ ಆಗಿತ್ತು, ಅದನ್ನು ಮೂಲೆಗೆ ಹಾಕಿದ್ದಳು! 2023ರ ಜನವರಿಯಿಂದ ಅದರ ಫೆಲೋಶಿಪ್ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಇದನ್ನು ಕೇಳಿ ಹೆಚ್ಚು ಖುಷಿಯಾದದ್ದು ಅಮ್ಮನಿಗೆ, ಬೆಂಗಳೂರು ರಾತ್ರಿ ಬಸ್ಸಿನ ದೂರ ಎಂಬ ಕಾರಣಕ್ಕೆ.

ಫೆಬ್ರವರಿಯಲ್ಲಿ ಮೂರರಲ್ಲಿ ಒಂದು ಕಡೆಯಿಂದ ಕರೆ ಬಂತು. ನೋಡಿದ್ದು ಬೆಳಿಗ್ಗೆ ಏಳಕ್ಕೇ. ಇಂಟರ್‌ವ್ಯೂ ಝೂಮ್‌ನಲ್ಲಿ, ನಮ್ಮ ರಾತ್ರಿ ಎಂಟರಿಂದ. ಮನೆಯ ವೈಫೈ ನಂಬದೆ ಅಪ್ಪನ ಮೊಬೈಲನ್ನು ಹಾಟ್‌ಸ್ಪಾಟಿಗೆ ತಯಾರಾಗಿಡಲು, ಇನ್ವರ್ಟರ್ ನೋಡಿಕೊಳ್ಳಲು ಹೇಳಿದ್ದೆ. ನಾಲ್ವರು ಪ್ರೊಫೆಸರ್‌ಗಳಲ್ಲಿ ಒಬ್ಬರ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ, ಗೊತ್ತಿಲ್ಲ ಎಂದು ಹೇಳಿ ಹೇಗೆ ಹುಡುಕುತ್ತೇನೆ ಎಂಬುದನ್ನು ವಿವರಿಸಿದಳು. ಉಳಿದೆರಡು ಕಡೆ ಇಲ್ಲ. ಕಂಪ್ಯೂಟರ್ ಸೈನ್ಸ್‌ನವು ಎರಡೂ ಇಲ್ಲ. ಇಂಟರ್‌ವ್ಯೂ ಆದ ಕಡೆ ವೇಟ್‌ಲಿಸ್ಟ್.

ವೇಟ್‌ಲಿಸ್ಟಿನ ಬಗ್ಗೆ ಕೊಟ್ಟ ಸಲಹೆ ಇದು. ಸೀಟು ಸಿಕ್ಕವರು ಹೌದು-ಅಲ್ಲ ಹೇಳಲು ಅಲ್ಲಿನ ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಏಪ್ರಿಲ್ 15 ಕೊನೆಯ ದಿನ. ಜಾಗ ಖಾಲಿಯಾಗುವುದು ಅದರ ಹಿಂದೆಮುಂದೆ. ತನಗೆ ಇನ್ನೂ ಆಸಕ್ತಿ ಇದೆ ಎಂದು ಒಂದು ಇಮೇಲ್ ಬರೆದಿದ್ದಾಳೆ. ಏಪ್ರಿಲ್ 30ರ ಬೆಳಿಗ್ಗೆ ಏಳಕ್ಕೆ ನೋಡುವುದೇ ಕೊನೆ. ಆಮೇಲೆ ಬಂದರೆ ಬರಲಿ, ಅದಕ್ಕಾಗಿ ಯಾವುದನ್ನೂ ತಡೆಹಿಡಿಯುವುದಿಲ್ಲ ಎಂದು ಅವಳೇ ಗಡುವು ಹಾಕಿಕೊಂಡಳು. ಬೆಂಗಳೂರಿನ ಅರ್ಜಿ ಹೋಗಿದೆ. ನನ್ನಲ್ಲಿಗೆ ಮುಂದಿನ ಭೇಟಿ ಮೇ ಮೊದಲ ವಾರ. ಬೇಡ ಅನ್ನಿಸಿದರೆ ಫೋನ್ ಮಾಡಿ ರದ್ದು ಮಾಡು ಅಂದಿದ್ದೇನೆ.