ಪೇತ್ರನ ಪ್ರೀತಿ ಕಮ್ಮಿಯದ್ದಾ?

ಸಹೋದರಿ, ನಿಮ್ಮ ಪತ್ರ ತಲುಪಿತು. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದ ಮೇಲೆ ನಿಮ್ಮ ಸಭೆಯ ಪಾಸ್ಟರ್ ಹೇಳಿದ್ದನ್ನು ಬರೆದಿದ್ದೀರಿ. 'ನನ್ನನ್ನು ಪ್ರೀತಿಸುತ್ತೀಯಾ' ಎಂದು ಯೇಸು ಸ್ವಾಮಿ ಮೊದಲ ಎರಡು ಸಲ ಕೇಳುವಾಗ ಗ್ರೀಕ್‌ನಲ್ಲಿ 'ಅಗಪಾಓ' ಇದೆ, ಅದು ದೈವಿಕ ಪ್ರೀತಿ. ಶಿಷ್ಯ ಪೇತ್ರ ಮೂರು ಸಲವೂ 'ಫಿಲೆಓ' ಅಂದ, ಅದು ಬರೀ ಸ್ನೇಹ. ಕೊನೆಗೆ ಸ್ವಾಮಿಯೇ ಅವನ ಮಟ್ಟಕ್ಕಿಳಿದು 'ಫಿಲೆಓ' ಎಂದು ಕೇಳಿದರು. ಇದು ಸರಿಯಾ ಎಂಬುದು ನಿಮ್ಮ ಪ್ರಶ್ನೆ.

ಕ್ರಿಯಾಪದಗಳ ಲೆಕ್ಕ ಸರಿ. ಒಂದು ಮೇಲು, ಇನ್ನೊಂದು ಕೀಳು ಅನ್ನುವುದು ಮಾತ್ರ ನಿಲ್ಲುವುದಿಲ್ಲ.

ಯೋಹಾನ ಬೇರೆ ಕಡೆ ಹೇಗೆ ಬರೆದಿದ್ದಾನೆ ನೋಡಿ. ತಂದೆ ಮಗನನ್ನು ಪ್ರೀತಿಸುತ್ತಾನೆ ಎನ್ನಲು 3:35ರಲ್ಲಿ ಅಗಪಾಓ, 5:20ರಲ್ಲಿ ಅದೇ ಮಾತಿಗೆ ಫಿಲೆಓ. ಎರಡು ಅಧ್ಯಾಯ ಕಳೆಯುವಷ್ಟರಲ್ಲಿ ತಂದೆಯ ಪ್ರೀತಿ ಇಳಿದುಹೋಯಿತಾ? ಲಾಜರನ ವಿಷಯದಲ್ಲೂ 11:3ರಲ್ಲಿ ಒಂದು, 11:5ರಲ್ಲಿ ಇನ್ನೊಂದು. ಪೌಲನಂತೂ ಕರ್ತನನ್ನು ಪ್ರೀತಿಸದವನಿಗೆ ಶಾಪ ಹಾಕುವಾಗ (1 ಕೊರಿಂಥ 16:22) ಫಿಲೆಓ ಬಳಸಿದ್ದಾನೆ. ಇನ್ನು ಪೌಲನ ಜೊತೆಗಾರ ದೇಮ ಈ ಲೋಕದ ಮೇಲಿನ ಆಸೆಗೆ ಪೌಲನನ್ನು ಬಿಟ್ಟುಹೋದ ಅಲ್ವಾ, ಅಲ್ಲಿರುವುದು ಅಗಪಾಓ! ಫರಿಸಾಯರಿಗೆ ಸಭಾಮಂದಿರದ ಮುಂದಿನ ಪೀಠದ ಮೇಲೆ ಇದ್ದ ಪ್ರೀತಿಗೂ (ಲೂಕ 11:43) ಅದೇ.

ಯೋಹಾನನಿಗೆ ಪದ ಬದಲಿಸಿ ಬರೆಯುವುದು ಇಷ್ಟ. ಪೇತ್ರನ ಜೊತೆಗಿನ ಈ ಮಾತಿನ ಮೂರೇ ವಚನಗಳಲ್ಲಿ (21:15-17) ಕುರಿಮರಿ, ಕುರಿ ಎಂದು ಬದಲಾಗುತ್ತದೆ. 'ಮೇಯಿಸು' ಅನ್ನುವುದಕ್ಕೂ ಎರಡು ಕ್ರಿಯಾಪದ, 'ಬಲ್ಲೆ' ಅನ್ನುವುದಕ್ಕೂ ಎರಡು. ತಮಾಷೆ ಏನೆಂದರೆ, 19ನೇ ಶತಮಾನದ ಟ್ರೆಂಚ್, ವೆಸ್ಟ್‌ಕಾಟ್ ಇಬ್ಬರೂ ದೊಡ್ಡ ವಿದ್ವಾಂಸರು, ಇಬ್ಬರೂ ವ್ಯತ್ಯಾಸ ಇದೆ ಅಂದವರೇ, ಆದರೆ ಟ್ರೆಂಚ್‌ಗೆ ಅಗಪಾಓ ತಣ್ಣಗಿನ ಪದ, ಪೇತ್ರ ಇನ್ನೂ ಬೆಚ್ಚಗಿನದನ್ನು ಹುಡುಕಿದ. ವೆಸ್ಟ್‌ಕಾಟ್‌ಗೆ ಅದೇ ಎತ್ತರದ್ದು, ಪೇತ್ರ ಅಷ್ಟು ಹೇಳಿಕೊಳ್ಳಲು ಹಿಂಜರಿದ.

ಹಾಗಾದರೆ ಪೇತ್ರ ನೊಂದುಕೊಂಡಿದ್ದು ಯಾಕೆ? 17ನೇ ವಚನವೇ ಹೇಳುತ್ತದೆ, ಮೂರನೇ ಸಲ ಕೇಳಿದ್ದಕ್ಕೆ. ಸ್ವಾಮಿಯನ್ನು ಬಂಧಿಸಿದ ರಾತ್ರಿ ಮೂರು ಸಲ 'ಅವನನ್ನು ಅರಿಯೆ' ಅಂದವನು ಅವನು. ಅವತ್ತು ಮಹಾಯಾಜಕನ ಅಂಗಳದಲ್ಲಿ ಅವನು ಚಳಿ ಕಾಯಿಸಿಕೊಂಡಿದ್ದು ಇದ್ದಲ ಬೆಂಕಿಯ ಹತ್ತಿರ (18:18), ಇವತ್ತು ತಿಬೇರಿಯ ಸಮುದ್ರದ ದಡದಲ್ಲಿ ಸ್ವಾಮಿ ಮೀನು ಸುಡುತ್ತಿರುವುದೂ ಇದ್ದಲ ಬೆಂಕಿಯಲ್ಲೇ (21:9). ಇಲ್ಲಿರುವ 'ಅಂಥ್ರಕಿಯಾ' (ಇದ್ದಲ ಬೆಂಕಿ) ಎಂಬ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಕಡೆ ಬರುತ್ತದೆ. ಪ್ರಸಂಗಕ್ಕೆ ಇದಕ್ಕಿಂತ ಜಾಸ್ತಿ ಏನು ಬೇಕು? ನನಗಂತೂ ಅರ್ಥವಾಗುವುದಿಲ್ಲ.

ಅಗಪಾಓ ಕ್ರಿಯಾಪದದ ನಾಮಪದ 'ಅಗಾಪೆ' ಕ್ರೈಸ್ತರೇ ಹುಟ್ಟಿಸಿದ ಪದವಾ ಅಂತಲೂ ಕೇಳಿದ್ದೀರಿ. ಅಲ್ಲ. ಕ್ರಿಸ್ತನಿಗೂ ಮುಂಚೆ ಯೆಹೂದ್ಯರು ಗ್ರೀಕಿಗೆ ತಂದ ಹಳೆಯ ಒಡಂಬಡಿಕೆಯಲ್ಲೇ, ಅಂದರೆ ಸೆಪ್ಟುವಜಿಂಟ್‌ನಲ್ಲೇ, ಅದಿದೆ. 2 ಸಮುವೇಲ 13 ತೆಗೆಯಿರಿ. ಅಮ್ನೋನ ತಾಮಾರಳನ್ನು ಬಲಾತ್ಕಾರ ಮಾಡಿದ ಮೇಲೆ, ಮೊದಲಿದ್ದ ಪ್ರೀತಿಗಿಂತ ದ್ವೇಷವೇ ಹೆಚ್ಚಾಯಿತು ಅನ್ನುವ ವಚನದಲ್ಲಿ 'ಪ್ರೀತಿ'ಗೆ ಇರುವ ಪದ ಅಗಾಪೆಯೇ. ನಿಮ್ಮ ಪಾಸ್ಟರ್‌ಗೂ ಒಮ್ಮೆ ತೋರಿಸಿ, ಜಗಳಕ್ಕಲ್ಲ, ಸುಮ್ನೆ.