ಎತ್ತರ ಕಡಿಮೆಯಾದರೆ ಫುಟ್‌ಬಾಲ್ ಬೇಡವೇ?

ಪ್ರಶ್ನೆ: ಮಗನಿಗೆ ಹದಿನೈದು. ಎತ್ತರ ಕಡಿಮೆ. ಫುಟ್‌ಬಾಲೇ ವೃತ್ತಿ ಅಂತ ಹಟ ಹಿಡಿದಿದ್ದಾನೆ. ಬಿಡಲೇ?
– ಒಬ್ಬ ತಾಯಿ, ಹಾಸನ

ಉತ್ತರ: ಆಡಲು ಬಿಡಿ, ತಾಯಿ. ಭಾರತ ಫುಟ್‌ಬಾಲ್ ತಂಡದ ನಾಯಕರಾಗಿದ್ದ ಸುನಿಲ್ ಛೆಟ್ರಿಯೂ ಎತ್ತರದ ಆಳಲ್ಲ. ಕಂಠೀರವ ಕ್ರೀಡಾಂಗಣದಲ್ಲಿ ನಾನೇ ಕಂಡಿದ್ದೇನೆ: ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಎರಡು ಹೆಜ್ಜೆ ಮುಂದೆ ಓಡಿ, ಉದ್ದನೆಯ ಡಿಫೆಂಡರ್‌ಗಿಂತ ಮೊದಲು ನೆಗೆದು, ಹಣೆಯಿಂದ ಗೋಲಿಗೆ ತಳ್ಳುತ್ತಿದ್ದರು. ಎಂಥ ಅಂದಾಜು ಅದು!

2002ರಲ್ಲಿ ಕೋಲ್ಕತ್ತದ ಮೋಹನ್ ಬಗಾನ್ ಕ್ಲಬ್ ಸೇರಿದಾಗ ಅವರಿಗಿನ್ನೂ ಹದಿನೇಳು. 2013ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದರು. ನಡುವೆ ಅಮೆರಿಕ, ಪೋರ್ಚುಗಲ್‌ಗೂ ಹೋದರು. ಅಲ್ಲಿ ಜಾಸ್ತಿ ಆಡಲು ಸಿಗಲಿಲ್ಲ. ಅದನ್ನೂ ಮಗನಿಗೆ ಹೇಳಿ. 2018ರಲ್ಲಿ ಮುಂಬೈಯಲ್ಲಿ ದೇಶಕ್ಕಾಗಿ ಹ್ಯಾಟ್ರಿಕ್ ಹೊಡೆದಾಗ ನೋಡಲು ಮೂರು ಸಾವಿರ ಜನವೂ ಇರಲಿಲ್ಲ, ನೆನೆದರೆ ಈಗಲೂ ಸಂಕಟವಾಗುತ್ತದೆ.

ಓದು ಮಾತ್ರ ಬಿಡಿಸಬೇಡಿ. ಮೊಣಕಾಲಿಗೆ ಪೆಟ್ಟಾದರೆ ಒಂದಿಡೀ ವರ್ಷವೇ ಹೋಗಬಹುದು.