ನಿಕೋಟಿನ್ ಇಲ್ಲ ಎಂದು ಹೇಳಿ ಕೊಟ್ಟರೂ ವೇಪ್ ಇಟ್ಟುಕೊಳ್ಳಬೇಡಿ

ಬೀದರ್‌ನಲ್ಲಿ ಮೊಬೈಲ್ ಬಿಡಿಭಾಗಗಳ ಅಂಗಡಿ ಇಟ್ಟಿರುವುದಾಗಿ ಬರೆದಿದ್ದೀರಿ. ಹೈದರಾಬಾದಿನಿಂದ ಚಾರ್ಜರ್, ಇಯರ್‌ಫೋನ್ ತಂದು ಹಾಕುವ ಸಗಟು ವ್ಯಾಪಾರಿ ಈಗ ವೇಪ್ (ಅಂದರೆ ಇ-ಸಿಗರೇಟು) ಕೂಡ ಇಟ್ಟುಕೊಳ್ಳಿ ಎನ್ನುತ್ತಿದ್ದಾನೆ, ಇದರಲ್ಲಿ ನಿಕೋಟಿನ್ ಇಲ್ಲ, ಆದ್ದರಿಂದ ಕಾನೂನಿನ ತೊಡಕಿಲ್ಲ ಎಂದು ಧೈರ್ಯ ಹೇಳುತ್ತಿದ್ದಾನೆ. ಅದು ನಿಜವೇ? ಇಂಗ್ಲೆಂಡಿನಲ್ಲಿ ಸಿಗರೇಟು ಬಿಡಿಸಲು ಸರ್ಕಾರವೇ ಕೊಡುವ ವಸ್ತುವನ್ನು ನಮ್ಮಲ್ಲಿ ಏಕೆ ನಿಷೇಧಿಸಿದ್ದಾರೆ? ಇವು ನಿಮ್ಮ ಪ್ರಶ್ನೆಗಳು. ನಾನು ಕಲಬುರಗಿಯಲ್ಲಿ ಇಪ್ಪತ್ತು ವರ್ಷಗಳಿಂದ ಔಷಧ ಅಂಗಡಿ ನಡೆಸುತ್ತಿದ್ದೇನೆ. ಈ ವಸ್ತು ನನ್ನ ಕೌಂಟರಿನ ತನಕವೂ ಬಂದು ಹೋಗಿದೆ.

ಆತ ಹೇಳುತ್ತಿರುವುದು ಸುಳ್ಳು. 2019ರ ಇ-ಸಿಗರೇಟು ನಿಷೇಧ ಕಾಯ್ದೆಯು ಇ-ಸಿಗರೇಟು ಎಂದರೆ ಏನು ಎಂದು ವಿವರಿಸುವಾಗಲೇ, ನಿಕೋಟಿನ್ ಇರಲಿ ಇಲ್ಲದಿರಲಿ, ವಸ್ತುವೊಂದನ್ನು ಬಿಸಿ ಮಾಡಿ ಒಳಗೆಳೆದುಕೊಳ್ಳುವ ಆವಿಯಾಗಿಸುವ ವಿದ್ಯುನ್ಮಾನ ಸಾಧನ ಎಂದು ಹೇಳಿಬಿಟ್ಟಿದೆ. ಇ-ಹುಕ್ಕಾ ಕೂಡ ಅದರೊಳಗೇ ಬರುತ್ತದೆ. ಮಾರಿದರೆ ಮೊದಲ ಸಲ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ‘ನಾನು ಮಾರಿಲ್ಲ, ಒಳಗೆ ಇಟ್ಟಿದ್ದೆ ಅಷ್ಟೇ’ ಎಂದರೂ ಬಿಡುವುದಿಲ್ಲ. ದಾಸ್ತಾನು ಮಾಡಿದ್ದಕ್ಕೇ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟರೆ ಮಳಿಗೆಯ ಮಾಲೀಕರೂ ಸಿಕ್ಕಿಬೀಳುತ್ತಾರೆ. ಸೇದುವವನನ್ನು ಶಿಕ್ಷಿಸುವ ಮಾತು ಕಾಯ್ದೆಯ ಕಲಮುಗಳಲ್ಲಿ ನೇರವಾಗಿ ಇಲ್ಲ. ಇಡೀ ಭಾರ ವ್ಯಾಪಾರದ ಮೇಲೆ, ಅಂದರೆ ನಿಮ್ಮ ತಲೆಯ ಮೇಲೆ. ಆ ಸಗಟು ವ್ಯಾಪಾರಿ ಹಣ ಎಣಿಸಿಕೊಂಡು ಜಹೀರಾಬಾದ್ ದಾಟಿರುತ್ತಾನೆ.

ನಮ್ಮ ರಾಜ್ಯವಂತೂ ಕೇಂದ್ರಕ್ಕಿಂತ ಮೊದಲೇ, 2016ರಲ್ಲಿ, ಇದನ್ನು ನಿಷೇಧಿಸಿತ್ತು. ಅದಾದ ಮರುವರ್ಷ ಒಬ್ಬ ಏಜೆಂಟ್ ನನ್ನ ಅಂಗಡಿಗೆ ಬಂದು ಎರಡು ಪೆಟ್ಟಿಗೆಗಳನ್ನು ಕೌಂಟರಿನ ಮೇಲಿಟ್ಟ. ‘ಪಾನ್ ಅಂಗಡಿಯಲ್ಲಿಟ್ಟರೆ ಚಟ ಎನ್ನುತ್ತಾರೆ, ಮೆಡಿಕಲ್‌ನಲ್ಲಿಟ್ಟರೆ ಔಷಧ ಎಂದು ನಂಬುತ್ತಾರೆ, ಸಾವುಕಾರರೇ’ ಎಂದ. ನನಗೆ ಸಿಟ್ಟು ಬಂದದ್ದು ಆ ಮಾತಿಗೆ. ಜನರು ನನ್ನ ಮೇಲೆ ಇಟ್ಟಿರುವ ನಂಬಿಕೆಯನ್ನೇ ಸರಕು ಮಾಡಿ ಮಾರಲು ಹೇಳುತ್ತಿದ್ದ. ಎರಡೂ ಪೆಟ್ಟಿಗೆಗಳನ್ನು ಅವನ ಕೈಗೇ ಕೊಟ್ಟು ಕಳುಹಿಸಿದೆ.

ಈಗ ‘ಏಕೆ’ ಎಂಬ ಪ್ರಶ್ನೆಗೆ ಬರುತ್ತೇನೆ. 2019ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು. ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆಯ ನಿರ್ಧಾರವನ್ನು ಪ್ರಕಟಿಸಿದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್, 400ಕ್ಕೂ ಹೆಚ್ಚು ಬ್ರ್ಯಾಂಡ್‌ಗಳಿವೆ, ಅವುಗಳಲ್ಲಿ ಒಂದೂ ಭಾರತದಲ್ಲಿ ತಯಾರಾಗುವುದಿಲ್ಲ, 150ಕ್ಕೂ ಹೆಚ್ಚು ಸುವಾಸನೆಗಳಲ್ಲಿ ಬರುತ್ತವೆ ಎಂದು ವಿವರಿಸಿದ್ದರು. ಈ ಎರಡನೆಯ ಮಾತನ್ನು ಗಮನಿಸಿ. ಇಲ್ಲಿ ಕಾರ್ಖಾನೆ ಇರಲಿಲ್ಲ, ಕಾರ್ಮಿಕರಿರಲಿಲ್ಲ, ಬೆಳೆಗಾರರಿರಲಿಲ್ಲ. ಬೀಡಿಯನ್ನು ಮುಟ್ಟಿದರೆ ಕಟ್ಟುವ ಲಕ್ಷಾಂತರ ಹೆಣ್ಣುಮಕ್ಕಳ ಕೂಲಿಯ ಪ್ರಶ್ನೆ ಏಳುತ್ತದೆ. ಸಿಗರೇಟನ್ನು ಮುಟ್ಟಿದರೆ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರು ಬೀದಿಗಿಳಿಯುತ್ತಾರೆ, ತೆರಿಗೆಯೂ ಹೋಗುತ್ತದೆ. ಇ-ಸಿಗರೇಟಿಗಾಗಿ ಅಳುವವರು ಆಮದುದಾರರು ಮಾತ್ರ. ಭಾರತಕ್ಕೆ ಬರಲು ಸಿದ್ಧತೆ ನಡೆಸಿದ್ದ ಅಮೆರಿಕದ ಜೂಲ್ ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಸುಗ್ರೀವಾಜ್ಞೆಯ ಸುದ್ದಿ ಬಂದ ದಿನವೇ ಸಿಗರೇಟು ಕಂಪನಿಗಳ ಷೇರು ಬೆಲೆ ಏರಿತು.

ಇಷ್ಟು ಹೇಳಿದ ಮೇಲೂ ನಾನು ನಿಷೇಧದ ಪರವೇ ಇದ್ದೇನೆ. ಕಾರಣ ಒಂದು ಘಟನೆ. ಎರಡು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಶಿಕ್ಷಕಿಯೊಬ್ಬರು ಸೆರಗಿನಲ್ಲಿ ಮುಚ್ಚಿಕೊಂಡು ಒಂದು ವಸ್ತು ತಂದರು. ಹೈಲೈಟರ್ ಪೆನ್ನಿನಷ್ಟು ಉದ್ದ, ಗುಲಾಬಿ ಬಣ್ಣ, ಕಲ್ಲಂಗಡಿಯ ವಾಸನೆ. ದ್ವಿತೀಯ ಪಿಯುಸಿ ಓದುವ ಮಗನ ಚೀಲದಲ್ಲಿ ಸಿಕ್ಕಿತ್ತು. ‘ಅಣ್ಣಾ, ಇದರೊಳಗೆ ಏನಿದೆ ಎಂದಾದರೂ ಹೇಳಿ’ ಎಂದರು. ಕನ್ನಡಕ ಹಾಕಿಕೊಂಡು ಎಲ್ಲ ಮಗ್ಗುಲೂ ನೋಡಿದೆ. ಎರಡು ರೂಪಾಯಿಯ ಜ್ವರದ ಮಾತ್ರೆಯ ಪಟ್ಟಿಯ ಮೇಲೂ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಇರುತ್ತವೆ. ಇದರ ಮೇಲೆ ಹಣ್ಣಿನ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ನಿಕೋಟಿನ್ ಇದೆಯೇ, ಎಷ್ಟಿದೆ, ಬೇರೇನು ಬೆರೆಸಿದ್ದಾರೆ ಎಂದು ಆ ತಾಯಿಗೆ ಹೇಳಲು ನನ್ನಿಂದ ಆಗಲಿಲ್ಲ. ಹುಡುಗನಿಗೆ ಅದು ಸಿಕ್ಕಿದ್ದು ಕಾಲೇಜಿನ ಹತ್ತಿರದ ಒಂದು ಅಂಗಡಿಯಲ್ಲಿ. ನಿಮ್ಮ ಅಂಗಡಿಯಂತೆಯೇ ಅದೂ ಮೊಬೈಲ್ ಕವರ್ ಮಾರುವ ಅಂಗಡಿ.

ಇಂಗ್ಲೆಂಡಿನೊಂದಿಗಿನ ಹೋಲಿಕೆ ಮುರಿದುಬೀಳುವುದು ಇಲ್ಲಿಯೇ. ಅಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರುವಂತಿಲ್ಲ, ಟ್ಯಾಂಕು 2 ಮಿಲಿಲೀಟರ್ ಮೀರುವಂತಿಲ್ಲ, ಮಾರುಕಟ್ಟೆಗೆ ಬರುವ ಮುನ್ನ ಸರ್ಕಾರಿ ಸಂಸ್ಥೆಗೆ ವಿವರ ಸಲ್ಲಿಸಬೇಕು. ಹಳೆಯ ಧೂಮಪಾನಿಗಳಿಗೆ ಸಿಗರೇಟಿನ ಬದಲು ಕೊಡುವುದು ನಿಜ. ಅದೇ ದೇಶ ಮಕ್ಕಳ ಕೈಸೇರುತ್ತಿದೆ, ಕಸವಾಗುತ್ತಿದೆ ಎಂದು 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನು ನಿಲ್ಲಿಸಿತು. ಅಮೆರಿಕದಲ್ಲಿ ಮೊದಲು ಅನುಮತಿ, ಆಮೇಲೆ ಮಾರಾಟ ಎಂಬ ನಿಯಮ. ಲಕ್ಷಗಟ್ಟಲೆ ಅರ್ಜಿಗಳು ತಿರಸ್ಕೃತವಾಗಿ, ಅನುಮತಿ ಸಿಕ್ಕಿದ್ದು ಬೆರಳೆಣಿಕೆಯ ಕಂಪನಿಗಳಿಗೆ. ಪರೀಕ್ಷೆಗಳ ಖರ್ಚು ಹೊರಲಾಗದ ಸಣ್ಣ ತಯಾರಕರು ಮುಚ್ಚಿಕೊಂಡರು, ದೊಡ್ಡ ತಂಬಾಕು ಕಂಪನಿಗಳು ಉಳಿದುಕೊಂಡವು. ಇನ್ನು ಚೀನಾ. ಜಗತ್ತಿನ ಬಹುಪಾಲು ವೇಪ್‌ಗಳು ತಯಾರಾಗುವುದು ಅಲ್ಲಿನ ಶೆನ್‌ಝೆನ್ ನಗರದಲ್ಲಿ. ತನ್ನ ದೇಶದೊಳಗೆ ಹಣ್ಣಿನ ಸುವಾಸನೆಯ ವೇಪ್‌ಗಳನ್ನು 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದ ಚೀನಾ, ರಫ್ತಿಗೆ ಮಾತ್ರ ಆ ತಡೆ ಹಾಕಲಿಲ್ಲ. ತನ್ನ ಮಕ್ಕಳಿಗೆ ಬೇಡವಾದ ಕಲ್ಲಂಗಡಿ ಕಲಬುರಗಿಯ ಮಕ್ಕಳಿಗೆ ಆಗಬಹುದು! ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿಷೇಧದ ದೌರ್ಬಲ್ಯವನ್ನೂ ಮುಚ್ಚಿಡಲಾರೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಏನಾಯಿತು ಎಂದು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಪಾನ್ ಮಸಾಲೆಯ ಚೀಟಿ ಬೇರೆ, ಜರ್ದಾ ಚೀಟಿ ಬೇರೆ. ಗಿರಾಕಿ ಎರಡನ್ನೂ ಹರಿದು ಅಂಗೈಯಲ್ಲೇ ಗುಟ್ಕಾ ತಯಾರಿಸಿಕೊಳ್ಳುತ್ತಾನೆ. ವೇಪ್ ಅಂಗೈಯಲ್ಲಿ ತಯಾರಾಗುವುದಿಲ್ಲ, ಆದರೆ ಕೊರಿಯರ್‌ನಲ್ಲಿ ಬರುತ್ತದೆ. ಲೆಕ್ಕಪತ್ರವಿರುವ ವ್ಯಾಪಾರ ನಿಂತಿತು, ಲೆಕ್ಕವಿಲ್ಲದ್ದು ಉಳಿಯಿತು. ಅಪಾಯ ಇರುವುದೂ ಈ ಲೆಕ್ಕವಿಲ್ಲದ ಮಾಲಿನಲ್ಲಿಯೇ. 2019–20ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿ 2,800ಕ್ಕೂ ಹೆಚ್ಚು ಮಂದಿ ಶ್ವಾಸಕೋಶದ ತೊಂದರೆಯಿಂದ ಆಸ್ಪತ್ರೆ ಸೇರಿದರು, 2020ರ ಫೆಬ್ರುವರಿ ಹೊತ್ತಿಗೆ 68 ಮಂದಿ ಸತ್ತರು. ಮುಖ್ಯವಾಗಿ ಕಂಡುಬಂದ ಕಾರಣ ವಿಟಮಿನ್ ಇ ಅಸಿಟೇಟ್. ಗಾಂಜಾದ ಅಂಶವಿದ್ದ, ಹೆಚ್ಚಾಗಿ ಕಳ್ಳದಾರಿಯಲ್ಲಿ ಕೊಂಡ ಕಾರ್ಟ್ರಿಜ್‌ಗಳಲ್ಲಿ ಅದನ್ನು ಬೆರೆಸಿದ್ದರು. ಹೆಸರು ವಿಳಾಸವಿಲ್ಲದ ಗುಲಾಬಿ ಕಡ್ಡಿಯನ್ನು ನೋಡಿದಾಗ ನನಗೆ ನೆನಪಾದದ್ದು ಅದು.

ಆದ್ದರಿಂದ ಆ ಸಗಟು ವ್ಯಾಪಾರಿ ಮಾದರಿ ಎಂದು ಕೊಟ್ಟರೂ ತೆಗೆದುಕೊಳ್ಳಬೇಡಿ. ಚಾರ್ಜರ್‌ಗಳ ಪಾರ್ಸಲ್ ಒಳಗೆ ಸೇರಿಸಿ ಕಳುಹಿಸುವುದೂ ಉಂಟು, ಅವನ ಎದುರಿಗೇ ಬಿಚ್ಚಿ ನೋಡಿ. ಕೋಟ್ಪಾ ಎಂಬ ತಂಬಾಕು ನಿಯಂತ್ರಣ ಕಾಯ್ದೆಗೆ ರಾಜ್ಯ ತಂದ ತಿದ್ದುಪಡಿಯನ್ನೂ ತಿಳಿದಿಟ್ಟುಕೊಳ್ಳಿ: 2025ರಿಂದ 21 ವರ್ಷದೊಳಗಿನವರಿಗೆ ಯಾವ ತಂಬಾಕು ವಸ್ತುವನ್ನೂ ಮಾರುವಂತಿಲ್ಲ.

ಸಿಗರೇಟು ಬಿಡಬೇಕೆಂದು ನಿಜವಾಗಿ ಬಯಸುವ ಗಿರಾಕಿ ಬಂದರೆ ಔಷಧ ಅಂಗಡಿಗೆ ಕಳುಹಿಸಿ. 2 ಮಿಲಿಗ್ರಾಂ ನಿಕೋಟಿನ್ ಗಮ್‌ಗೆ ವೈದ್ಯರ ಚೀಟಿ ಬೇಕಿಲ್ಲ, 4 ಮಿಲಿಗ್ರಾಂನದಕ್ಕೆ ಬೇಕು. 1800-11-2356 ಎಂಬ ಉಚಿತ ಸಹಾಯವಾಣಿಯೂ ಇದೆ. ಸರ್ಕಾರದ ಮೇಲೆ ನನಗಿರುವ ದೂರು ಈ ಗಮ್‌ನದೇ. ಹತ್ತು ಗಮ್‌ಗಳ ಪಟ್ಟಿಯ ಬೆಲೆ ಒಂದು ಬೀಡಿ ಕಟ್ಟಿನ ಬೆಲೆಯ ಹಲವು ಪಟ್ಟು. ವೇಪ್ ಮುಚ್ಚಿದವರು ಬಿಡಿಸುವ ದಾರಿಯನ್ನಾದರೂ ಅಗ್ಗ ಮಾಡಬೇಕಿತ್ತು. ತೊಗರಿ ಮಿಲ್ಲಿನ ಹಮಾಲರೊಬ್ಬರು ಶನಿವಾರ ಕೂಲಿ ಸಿಕ್ಕಾಗ ನನ್ನಲ್ಲಿಗೆ ಬರುತ್ತಾರೆ. ಇಡೀ ಪಟ್ಟಿ ಕೊಳ್ಳಲು ಆಗುವುದಿಲ್ಲ. ನಾಲ್ಕು ಕತ್ತರಿಸಿ ಕೊಡುತ್ತೇನೆ, ಬುಧವಾರದ ಹೊತ್ತಿಗೆ ಅವು ಮುಗಿದಿರುತ್ತವೆ, ಮತ್ತೆ ಬೀಡಿ ಹಚ್ಚುತ್ತಾರೆ.